ಮನೆಯಿಂದ ಒಬ್ಬರು

ಅಮಾತೆಪ್ಪ ಕಾಲೇಜಿನ ಮೆಟ್ಟಿಲು ಹತ್ತಿದ್ದು ತನ್ನ ಐವತ್ತನೆಯ ವಯಸ್ಸಿನಲ್ಲಿ, ಅದೂ ಒಂದೇ ಒಂದು ದಿನ. ಎಪ್ಪತ್ತೆಂಟನೆಯ ಇಸವಿಯ ಜೂನ್ ತಿಂಗಳು. ಇಲಕಲ್ಲಿನಿಂದ ಮೊದಲ ಬಸ್ಸು ಹಿಡಿದು, ಹುನಗುಂದ, ಅಮೀನಗಡ ದಾಟಿ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಇಳಿದಾಗ ಇನ್ನೂ ಒಂಬತ್ತಾಗಿರಲಿಲ್ಲ. ತಲೆಗೆ ಒಗೆದ ರುಮಾಲು, ಬಗಲಲ್ಲಿ ಒಂದು ಕೈಚೀಲ. ಚೀಲದಲ್ಲಿ ನಾಲ್ಕು ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಕಾಲೇಜಿನಿಂದ ಬಂದ ಕಾಗದ. ಕಾಗದ ಇಂಗ್ಲಿಷಿನಲ್ಲಿತ್ತು. ಅಮಾತೆಪ್ಪ ಕಲಿತದ್ದು ಕನ್ನಡ ಎರಡನೆಯ ಇಯತ್ತೆ. ಮನೆಗೆ ಯಾವ ಕಾಗದ ಬಂದರೂ ಓದಿ ಹೇಳುವವಳು ಮಗಳು ಗುರುಲಿಂಗವ್ವ ಒಬ್ಬಳೇ.

ಅವಳು ಪಿ.ಯು.ಸಿ.ಯಲ್ಲಿ ಮೊದಲ ದರ್ಜೆ ತಂದಿದ್ದಳು. ಮುಂದೆ ಬಿ.ಕಾಂ. ಓದಬೇಕು, ಬಾಗಲಕೋಟೆಯಲ್ಲೇ ಓದಬೇಕು ಎಂದು ಎರಡು ವರ್ಷದಿಂದ ಹೇಳುತ್ತಿದ್ದಳು. ಹೆಚ್ಚು ಮಾತಿನ ಹುಡುಗಿಯಲ್ಲ. ಹೇಳಿದ್ದನ್ನೇ ಎರಡು ವರ್ಷ ಹೇಳಿದಳೆಂದರೆ ಅದು ಎಷ್ಟು ಬೇಕಾಗಿತ್ತು ಎಂದು ತಂದೆಗೆ ಗೊತ್ತಿತ್ತು.

ಅಡ್ಡ ಬಂದದ್ದು ಕೊಂಡಿಯ ಕೆಲಸ. ಇಲಕಲ್ಲಿನ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಗೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ಮುಗಿದಲ್ಲಿ ಸೆರಗಿನ ಕೆಂಪು ರೇಷ್ಮೆಯ ಎಳೆ ಶುರುವಾಗಬೇಕು. ಇದರ ಕುಣಿಕೆಯೊಳಗೆ ಅದರ ಕುಣಿಕೆ ತೂರಿಸಿ, ಸಾವಿರಾರು ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಹೆಂಗಸರ ಬೆರಳಿನ ಕೆಲಸ. ಸೀರೆಯೊಂದಕ್ಕೆ ಇಡೀ ಹಗಲು ಬೇಕು. ಒಬ್ಬರು ಹಿಡಿದದ್ದನ್ನು ನಡುವೆ ಇನ್ನೊಬ್ಬರು ಮುಟ್ಟಿದರೆ ಬಿಗಿ ಬೇರೆಯಾಗಿ, ಉಟ್ಟಾಗ ಅಲ್ಲೊಂದು ಗೆರೆ ಎದ್ದು ಕಾಣುತ್ತದೆ. ಆ ಮನೆಯಲ್ಲಿ ಮೂವತ್ತು ವರ್ಷ ಕೊಂಡಿ ಹಾಕಿದವಳು ಅಮಾತೆಪ್ಪನ ಹೆಂಡತಿ ಶಿವಬಸವ್ವ. ಹಿಂದಿನ ವರ್ಷದಿಂದ ಅವಳ ಕಣ್ಣು ಮಬ್ಬಾಗುತ್ತ ಬಂದವು. ದವಾಖಾನಿಗೆ ಹೋದರೆ, ಒಳಗಿನ ನರವೇ ಬತ್ತಿದೆ, ಇನ್ನು ಮಾಡುವುದೇನೂ ಇಲ್ಲ ಎಂದರು. ಅಂದಿನಿಂದ ಕೊಂಡಿ ಗುರುಲಿಂಗವ್ವನ ಕೈಗೆ ಬಂತು.

"ನನ್ನ ಕಣ್ಣಿನ ಸಲುವಾಗಿ ಕೂಸಿನ ಓದು ನಿಂತ್ರ, ನಾ ಈ ಮನ್ಯಾಗ ಒಂದ ತುತ್ತು ಮುಟ್ಟಂಗಿಲ್ಲ," ಎಂದು ಶಿವಬಸವ್ವ ಲಿಂಗ ಮುಟ್ಟಿ ಹೇಳಿದ್ದಳು. ಅವಳು ಆಡಿದರೆ ಆಡಿದ್ದೇ. ಅದಕ್ಕೆ ಅಮಾತೆಪ್ಪ ಬಾದಾಮಿಯಲ್ಲಿದ್ದ ತನ್ನ ತಂಗಿ ಬೋರವ್ವನಿಗೆ ಕಾಗದ ಬರೆಸಿದ್ದ. ಬೋರವ್ವ ವಿಧವೆ, ಮಕ್ಕಳಿಲ್ಲ, ಕೊಂಡಿ ಬಲ್ಲವಳು. ಅವಳು ಬಂದು ಇದ್ದರೆ ಹುಡುಗಿ ಹಾಸ್ಟೆಲ್ಲಿಗೆ ಹೋಗಬಹುದು. "ಬರ್ತಾಳಂತಪ್ಪಾ, ಅಮಾಸಿ ಆದಮ್ಯಾಲ," ಎಂದು ಗುರುಲಿಂಗವ್ವ ಉತ್ತರ ಓದಿ ಹೇಳಿದ್ದಳು. ಮನೆಯಲ್ಲಿ ಎಲ್ಲರೂ ನಿರಾಳವಾಗಿದ್ದರು.

ಕಾಲೇಜಿನ ಕಾಗದ ಬಂದ ದಿನವೂ ಅವಳೇ ಓದಿದಳು.

"ಹನ್ನೆರಡನೇ ತಾರೀಖು ಮೊದಲ ದಿನ. ಹೊಸಾಬರನ್ನೆಲ್ಲ ಕೂಡಿಸಿ ಬಿ.ಕಾಂ. ಅಂದ್ರ ಏನು, ಮೂರು ವರ್ಷ ಏನೇನ್ ಕಲಸ್ತಾರ ಅಂತ ತಿಳಿಸಿ ಹೇಳ್ತಾರಂತ. ಆಮ್ಯಾಲ ಹಾಜರಿ ಹಿಡೀತಾರಂತ."

"ಆವತ್ತ ಸಾವಕಾರ್ರ ಸೀರಿ ಕೊಂಡಿ ಐತೆಲ್ಲವಾ," ಎಂದ ಅಮಾತೆಪ್ಪ. ಈರಪ್ಪ ಸಾವಕಾರರ ಮನೆಯ ಮದುವೆಯ ಸೀರೆ ಅದು. ವಾರದೊಳಗೆ ಮಗ್ಗದಿಂದ ಇಳಿಯಬೇಕಿತ್ತು.

"ಹೌದು."

"ಮನಿಯಿಂದ ಒಬ್ರು ಹೋದ್ರ ಸಾಕಲ್ಲ? ನಾ ಹೋಗಿ ಹಾಜರಿ ಹೇಳಿ ಬರ್ತೇನಿ. ಮರುದಿನ ನೀ ಹೋಗಿ ಕುಂದ್ರು."

ಅವನು ಹಾಗೆ ಅಂದದ್ದರಲ್ಲಿ ತಪ್ಪೇನಿಲ್ಲ. ಅವರ ಓಣಿಯಲ್ಲಿ ಇದ್ದ ರೀತಿಯೇ ಅದು. ಮಠದಲ್ಲಿ ದೈವ, ಅಂದರೆ ಓಣಿಯ ಮಂದಿಯೆಲ್ಲ, ಕೂಡಿದಾಗ ಮನೆಯ ಹೆಸರು ಹಿಡಿದು ಕೂಗುತ್ತಾರೆ. ಆ ಮನೆಯ ಒಬ್ಬರು ಎದ್ದು, ಇದ್ದೇವೆ ಎಂಬರ್ಥದಲ್ಲಿ "ಅದೇವ್ರೀ" ಅಂದರೆ ಇಡೀ ಮನೆ ಬಂದಂತೆ. ನೇಕಾರರ ಸೊಸೈಟಿಯಲ್ಲೂ ಅದೇ, ಮದುವೆಯ ಮಾತುಕತೆಯಲ್ಲೂ ಅದೇ. ಅಮಾತೆಪ್ಪ ಕಂಡ ಲೋಕದಲ್ಲಿ ಹಾಜರಿ ಎಂದರೆ ಮನೆಯ ಹಾಜರಿ.

ಗುರುಲಿಂಗವ್ವ ಕಾಗದ ಮಡಚಿದಳು. ಮಡಚಿದ ಗೆರೆಯ ಮೇಲೆ ಉಗುರು ಎಳೆದಳು. "ಸಾಕು," ಅಂದಳು. ಕಾಗದ ಅವನ ಕೈಗಿಟ್ಟು, "ಸರ್ ಏನೇನ್ ಹೇಳ್ತಾರ, ಒಂದೂ ಬಿಡದಂಗ ನೆನಪಿಟ್ಟು ಬಾರಪ್ಪಾ," ಅಂದಳು.

ನೆನಪಿನ ವಿಷಯದಲ್ಲಿ ಅಮಾತೆಪ್ಪನಿಗೆ ಅಂಜಿಕೆಯಿರಲಿಲ್ಲ. ಮೂವತ್ತು ವರ್ಷದ ಹಿಂದೆ ನೇಯ್ದ ಸೀರೆಯಂಚಿನ ದಡಿಯ ಎಳೆ ಎಷ್ಟೆಂದು ಕೇಳಿದರೂ ಹೇಳುತ್ತಿದ್ದ. ಬೆರಳಿನ ಗೆಣ್ಣಿಗೊಂದೊಂದು ಮಾತು ಇಟ್ಟುಕೊಂಡರೆ ಮುಗಿಯಿತು, ಮರೆಯುತ್ತಿರಲಿಲ್ಲ.

ಕಾಲೇಜಿನ ಪಡಸಾಲೆಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಕಂಬಕ್ಕೊರಗಿ ಒಬ್ಬ ಹೆಂಗಸು, ಪಕ್ಕದಲ್ಲಿ ಹದಿನೇಳು ಹದಿನೆಂಟರ ಹುಡುಗಿ ಕೂತಿದ್ದರು. ಹೆಂಗಸಿನ ಹಣೆಯ ತುಂಬ ಭಂಡಾರದ ಅರಿಸಿನ, ಮಡಿಲಲ್ಲಿ ಮಡಚಿದ ಕಂಬಳಿ.

"ಯಾವೂರವಾ?" ಎಂದು ಅಮಾತೆಪ್ಪ ಕೇಳಿದ.

"ಕಲಾದಗಿ ಬಾಜೂಕ್ರಿ ಅಣ್ಣಾರ. ನಾ ರಂಗವ್ವ, ಇಕಿ ಸಾವಂತ್ರವ್ವ. ಕುರಿ ಮಂದೀರಿ ನಾವು." ಹುಡುಗಿ ತಲೆ ತಗ್ಗಿಸಿದಳು. "ಈಕಿ ಹೆಸರು ಹಚ್ಚಿಲ್ಲರಿ. ಹಾಸ್ಟೆಲ್ಲಿನ್ಯಾಗ ಹೊರಗಿನ ಹುಡುಗ್ಯಾರಿಗೆ ಆರ ಮಂಚ ಅದಾವಂತ, ಆರ ಸೀಟಂತ. ನಮ್ಮಕಿ ಏಳನೇದಾಕಿ. ಯಾರರ ಒಬ್ರು ಬರಲಿಲ್ಲಂದ್ರ ಕೊಡ್ತೇವಿ ಅಂದಾರ. ಬೀರಪ್ಪಗ ಬೇಡ್ಕೊಂಡು ನಸಿಕಿನ್ಯಾಗ ಬಂದ ಕುಂತೇವಿ."

"ಬ್ಯಾರೆಯವ್ರ ಬರಬಾರದು ಅಂತ ಬೇಡ್ಕೊಂಡಿಯೇನವಾ?" ಎಂದು ಅಮಾತೆಪ್ಪ ನಕ್ಕ.

"ಛೇ, ಹಂಗ ಹೆಂಗ ಬೇಡೂದ್ರಿ. ಇಕಿಗೆ ಸಿಗಲಿ ಅಂತಷ್ಟ ಬೇಡೀನಿ. ಹೆಂಗ ಕೊಡಬೇಕು ಅನ್ನೂದು ಅವನ ಕೆಲಸ."

ಅಮಾತೆಪ್ಪ ಚೀಲ ಬಿಚ್ಚಿ ಎರಡು ರೊಟ್ಟಿ ಅವರಿಗೆ ಕೊಟ್ಟ. ರಂಗವ್ವ ಗಡಿಗೆಯಿಂದ ಗಟ್ಟಿ ಮೊಸರು ಹಾಕಿದಳು. ತನ್ನ ಮಗಳೂ ಆ ಆರರಲ್ಲಿ ಒಬ್ಬಳು ಎಂದು ಹೇಳಲು ಅವನಿಗೆ ನಾಚಿಕೆಯಾಯಿತು. ಹಸಿದವರ ಮುಂದೆ ಉಂಡ ಕೈ ತೋರಿಸಿದಂತೆ ಅನ್ನಿಸಿತು. "ಸಿಗತೈತಿ ಬಿಡವಾ. ಆರ ಮಂದ್ಯಾಗ ಯಾರಿಗರ ಒಬ್ಬಾಕಿಗೆ ಬರೂದು ಆಗಲಿಕ್ಕಿಲ್ಲ," ಎಂದಷ್ಟೇ ಅಂದ.

ಗಂಟೆ ಬಾರಿಸಿದರು. ಅಮಾತೆಪ್ಪ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಹುಡುಗಿಯರ ಹಿಂದಿನ ಬೆಂಚಿನ ತುದಿಗೆ ಕೂತ. ಒಬ್ಬ ಹುಡುಗ ಅವನನ್ನು ನೋಡಿ ಗೆಳೆಯನಿಗೆ, "ಲೇ, ಈ ಕಾಕಾ ಪಿ.ಯು.ಸಿ. ಯಾವಾಗ ಪಾಸಾದ್ನಲೇ," ಎಂದ. "ಬ್ರಿಟಿಷರ ಕಾಲದಾಗ ಫೇಲಾಗಿದ್ನಂತ, ಈಗ ರಿಸಲ್ಟ್ ಬಂದೈತಿ," ಎಂದ ಇನ್ನೊಬ್ಬ. ಅಮಾತೆಪ್ಪನಿಗೂ ನಗು ಬಂತು.

ಬಂದ ಮಾಸ್ತರರ ಹೆಸರು ಬಸಯ್ಯ. ಲೆಕ್ಕ ಕಲಿಸುವವರು. ಬಿಳಿ ಪೈಜಾಮ, ಮೊಣಕೈವರೆಗೆ ಸೀಮೆಸುಣ್ಣದ ಪುಡಿ. ಕೊನೆಯ ಬೆಂಚಿನ ರುಮಾಲನ್ನು ಒಮ್ಮೆ ನೋಡಿದರು.

"ನಿಮ್ಮೊಳಗ ಅರ್ಧ ಮಂದಿ ಸೈನ್ಸ್ ಸಿಗಲಿಲ್ಲ ಅಂತ ಇಲ್ಲಿಗೆ ಬಂದೀರಿ," ಎಂದು ಶುರುಮಾಡಿದರು. ಹುಡುಗರು ನಕ್ಕರು. "ನಗಬ್ಯಾಡ್ರಿ, ನಾನೂ ಹಂಗ ಬಂದವ. ಬಂದಮ್ಯಾಲ ಬಿಟ್ಟು ಹೋಗಾಕ ಮನಸಾಗಲಿಲ್ಲ."

ಹಲಗೆಯ ಮೇಲೆ ಒಂದು ಅಡ್ಡಗೆರೆ ಎಳೆದರು. ಅದರ ನಡುವಿನಿಂದ ಕೆಳಕ್ಕೆ ಒಂದು ಉದ್ದಗೆರೆ ಇಳಿಸಿದರು.

"ಇನ್ನ ಮೂರು ವರ್ಷ ನಿಮ್ಮ ಮನಿ ಇದು. ಎಡಕ್ಕ ಡೆಬಿಟ್, ಬಲಕ್ಕ ಕ್ರೆಡಿಟ್. ಎಡಕ್ಕೊಂದು ಬರದ್ರ ಬಲಕ್ಕೊಂದು ಬರೀಲೇಬೇಕು. ಒಂಟಿ ಅನ್ನೂದು ನಮ್ಮ ಶಾಸ್ತ್ರದಾಗ ಇಲ್ಲ. ಒಬ್ರ ಕೈಗೆ ಏನರ ಬಂತಂದ್ರ, ಇನ್ನೊಬ್ರ ಕೈಯಿಂದ ಅದು ಹೋಗಿರಬೇಕು. ಬಂದದ್ದನ್ನಷ್ಟ ನೋಡಾವ ಅರ್ಧಾ ಲೆಕ್ಕ ಬಲ್ಲಾವ. ಹೋದದ್ದೆಲ್ಲಿಂದ ಅಂತ ಕೇಳಾವ ಪೂರಾ ಬಲ್ಲಾವ."

ಅಮಾತೆಪ್ಪ ಕಿರುಬೆರಳಿನ ಮೊದಲ ಗೆಣ್ಣು ಒತ್ತಿದ. ಇದು ಕೊಂಡಿಯೇ ಆಯಿತಲ್ಲ ಎಂದುಕೊಂಡ. ಮೈಯ ಎಳೆ ಎಡಕ್ಕೆ, ಸೆರಗಿನ ಎಳೆ ಬಲಕ್ಕೆ. ಒಂದರೊಳಗೊಂದು ಸಿಕ್ಕಿಕೊಂಡರೆ ಮಾತ್ರ ಸೀರೆ.

"ವರ್ಷದ ಕೊನಿಗೆ ಎರಡೂ ಬಾಜೂ ಕೂಡಲಿಲ್ಲ. ಏನ್ ಮಾಡ್ತೀರಿ?" ಎಂದು ಮಾಸ್ತರರು ಕೇಳಿದರು.

"ಕಡಿಮಿ ಬಿದ್ದಷ್ಟು ಸೇರಿಸಿ ಬರಿಯೂದ್ರಿ," ಎಂದ ಮುಂದಿನ ಬೆಂಚಿನ ಹುಡುಗ.

"ನಿನ್ನಂಥ ದಿವಾನ್ಜಿ ಸಿಕ್ಕರ ಸಾವಕಾರ ತಿಂಗಳೊಪ್ಪತ್ತಿನ್ಯಾಗ ಓಣಿ ಬಿಡ್ತಾನ." ಎಲ್ಲರೂ ನಕ್ಕು ಸುಮ್ಮನಾದ ಮೇಲೆ ಮೆತ್ತಗೆ ಹೇಳಿದರು, "ಮೊದಲಿಂದ ಬರಬೇಕಪಾ. ಒಂದೊಂದ ಸಾಲು ನೋಡ್ಕೋತ, ಬ್ಯಾಸರ ಮಾಡ್ಕೊಳ್ಳಾರದ. ಎಲ್ಲೋ ಒಂದ ಕಡೆ ತಪ್ಪಿರತೈತಿ."

ಅಮಾತೆಪ್ಪನಿಗೆ ಎದ್ದು ಹೇಳಬೇಕೆನಿಸಿತು, ನನ್ನ ಮಗಳಿಗೆ ಇದನ್ನು ಕಲಿಸುವ ಅಗತ್ಯವಿಲ್ಲ ಎಂದು. ಹತ್ತು ವರ್ಷದವಳಿದ್ದಾಗಲೇ ಅವ್ವನ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ ಹಾಸಿನ ಮೇಲೆ ಬೆರಳು ಆಡಿಸಿ, "ಇಲ್ಲೊಂದ ಎಳಿ ಬಿಟ್ಟೈತಿ" ಎಂದು ಹೇಳುತ್ತಿದ್ದವಳು. ಈ ಬೆಂಚಿನಲ್ಲಿ ಅವಳು ಕೂತಿದ್ದರೆ ಮಾಸ್ತರರು ಕೇಳುವ ಮೊದಲೇ ಉತ್ತರ ಹೇಳುತ್ತಿದ್ದಳು. ಇರಲಿ, ನಾಳೆ ಬರುತ್ತಾಳೆ ಎಂದುಕೊಂಡ. ಮಾಸ್ತರರು ಮೊದಲ ವರ್ಷಕ್ಕೆ ಏನು, ಎರಡನೆಯದಕ್ಕೆ ಏನು, ಮೂರನೆಯದಕ್ಕೆ ಏನು ಎಂದು ಹೇಳುತ್ತ ಹೋದರು. ಅವನು ಗೆಣ್ಣು ಒತ್ತುತ್ತ ಹೋದ. ಎರಡೂ ಕೈಯ ಬೆರಳು ಮುಗಿಯುವ ಹೊತ್ತಿಗೆ ಬಿ.ಕಾಂ. ಮುಗಿದಿತ್ತು.

ಆಮೇಲೆ ಹಾಜರಿ. ಹೆಸರು ಕರೆದವರು ಮುಂದೆ ಹೋಗಿ ದಪ್ಪ ಪುಸ್ತಕದಲ್ಲಿ ಸಹಿ ಮಾಡಿ ಬರುತ್ತಿದ್ದರು. ಗುರುಲಿಂಗವ್ವನ ಹೆಸರು ಬಂತು.

ಅಮಾತೆಪ್ಪ ಎದ್ದು ನಿಂತ. ರುಮಾಲು ಸರಿಮಾಡಿಕೊಂಡು, ಮಠದಲ್ಲಿ ಹೇಳುವಂತೆ ಗಟ್ಟಿ ದನಿಯಲ್ಲಿ, "ಅದೇವ್ರೀ," ಅಂದ.

ಇಡೀ ಕೋಣೆ ಗೊಳ್ ಎಂದಿತು. ಬಸಯ್ಯ ಮಾಸ್ತರರು ನಗಲಿಲ್ಲ. ಹತ್ತಿರ ಕರೆದರು.

"ಮಗಳೆಲ್ಲಿ?"

"ಮನ್ಯಾಗದಾಳ್ರಿ ಸರ್. ಕೊಂಡಿ ಹಾಕಾಕ ಕುಂತಾಳ. ನಾ ಆಕಿ ಅಪ್ಪ. ನಾಳಿಂದ ಆಕೀನ ಬರ್ತಾಳ್ರಿ."

"ಕಾಗದ ತಂದೀರಿ?"

ಅಮಾತೆಪ್ಪ ಕೊಟ್ಟ. ಮಾಸ್ತರರು ಮಡಿಕೆ ಬಿಚ್ಚಿ ಓದಿದರು. ಒಂದು ಸಾಲಿನ ಕೆಳಗೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದರು: "ವಿದ್ಯಾರ್ಥಿನಿ ಆ ದಿನ ಖುದ್ದಾಗಿ ಬಂದು ಸಹಿ ಮಾಡಬೇಕು. ತಪ್ಪಿದರೆ ಸೀಟು ಪಟ್ಟಿಯ ಮುಂದಿನವರಿಗೆ ಹೋಗುತ್ತದೆ. ಹಿಂಗ ಬರದೈತ್ರಿ. ಕೆಳಗ ಗೆರಿನೂ ಹೊಡದಾರ. ಮಗಳು ಓದಿ ಹೇಳಲಿಲ್ಲ?"

ಅಮಾತೆಪ್ಪ ಆ ಗೆರೆಯನ್ನು ನೋಡಿದ. ಅಕ್ಷರ ಅವನಿಗೆ ಓದಲು ಬರುತ್ತಿರಲಿಲ್ಲ. ಆದರೆ ಮಡಿಕೆ ಸರಿಯಾಗಿ ಆ ಸಾಲಿನ ಮೇಲೆಯೇ ಬಿದ್ದಿತ್ತು. ಅದರ ಮೇಲೆ ಉಗುರಿನ ಗುರುತು ಇತ್ತು.

"ಓದಿದ್ಳ್ರಿ," ಎಂದ. "ನಾನ ಮರತೆ."

ಮಾಸ್ತರರು ಒಳ್ಳೆಯವರು. ಐದರವರೆಗೆ ಪುಸ್ತಕ ತೆರೆದಿರುತ್ತದೆ, ಅಷ್ಟರೊಳಗೆ ಬಂದರೆ ಸಾಕು ಎಂದರು. ತಾವೇ ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋಗಿ, ಈರಪ್ಪ ಸಾವಕಾರರ ಅಂಗಡಿಗೆ ಅರ್ಜಂಟ್ ಟ್ರಂಕ್ ಕಾಲ್ ಹಾಕಿಸಿದರು. ಅಂಗಡಿಯಿಂದ ಅಮಾತೆಪ್ಪನ ಮನೆ ಮೂರನೆಯದು. ಮುಕ್ಕಾಲು ತಾಸಿಗೆ ಲೈನು ಸಿಕ್ಕಿತು. ಗುಮಾಸ್ತ ಹುಲ್ಲಪ್ಪ ಎತ್ತಿಕೊಂಡು, "ಕರೀತೇನಿ, ಇಡಬ್ಯಾಡ್ರಿ," ಎಂದು ಓಡಿದ. ಗೋಡೆಯ ಗಡಿಯಾರದಲ್ಲಿ ಒಂದೂ ಮುಕ್ಕಾಲು. ಎರಡಕ್ಕೆ ಇಲಕಲ್ಲಿನಿಂದ ಬಸ್ಸಿದೆ. ಹತ್ತಿದರೆ ನಾಲ್ಕೂವರೆಗೆ ಇಲ್ಲಿ.

"ಅಪ್ಪಾ," ಎಂದಿತು ದೂರದ ದನಿ.

"ಯವ್ವಾ, ಎದ್ದು ಎರಡರ ಬಸ್ಸ ಹತ್ತು. ನೀನ ಬರಬೇಕಂತ. ಐದರ ತನಕ ಟೈಮ್ ಕೊಟ್ಟಾರ."

ಆ ಕಡೆ ಗರಗರ ಸದ್ದು.

"ಕೇಳಸ್ತೇನು?"

"ಕೇಳಸ್ತು. ಅರ್ಧಾ ಆಗೇತಪ್ಪಾ. ಈಗ ಕೈ ತಗದ್ರ ಸೀರಿ ಕೆಡತೈತಿ."

"ಕೆಡಲಿ. ಸಾವಕಾರ್ರ ಕಾಲ ಹಿಡೀತೇನಿ ನಾ. ನೀ ಬಾ."

"ಇದೊಂದ ಸೀರಿ ಮಾತಲ್ಲಪ್ಪಾ." ಅವಳ ದನಿ ಸಣ್ಣದಾಯಿತು. ಬಹುಶಃ ಹುಲ್ಲಪ್ಪ ಹತ್ತಿರದಲ್ಲೇ ನಿಂತಿದ್ದ. "ಬೋರವ್ವತ್ತಿ ಬರೂದಿಲ್ಲ. ಆಕಿ ಮೈದುನಗ ಲಕ್ವಾ ಹೊಡದೈತಂತ, ಬಿಟ್ಟು ಬರಾಕ ಆಗೂದಿಲ್ಲಂತ. ಕಾಗದದಾಗ ಅದ ಇತ್ತು. ಇವತ್ತ ನಾ ಬಂದು ಸಹಿ ಮಾಡಿದ್ರ ನಾಳಿ ಕೊಂಡಿ ಯಾರ ಹಾಕ್ತಾರ? ಮೂರು ವರ್ಷ ಯಾರ ಹಾಕ್ತಾರ?"

ಅಮಾತೆಪ್ಪ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. ಪ್ರಿನ್ಸಿಪಾಲರು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

"ಮತ್ತ ನನ್ನ ಯಾಕ ಕಳಿಸಿದಿ?" ಎಂದು ಕೇಳಿದ.

"ಕಾಲೇಜಿಗೆ ಹೋಗೂದಿಲ್ಲ ಅಂತ ನಾನ ಅಂದ್ರ ಅವ್ವಗ ಗೊತ್ತಾಗತಿತ್ತು, ಯಾಕಂತ. ಸೀಟ ತಾನ ಹೋದ್ರ..." ಉಳಿದದ್ದು ಗರಗರ ಸದ್ದಿನಲ್ಲಿ ಮುಳುಗಿ, ದನಿ ಮತ್ತೆ ಬಂತು. "ಮತ್ತ ಅಲ್ಲೆ ಏನ್ ಹೇಳ್ತಾರ ಅಂತ ನಮ್ಮ ಮನ್ಯಾಗ ಒಬ್ರರ ಕೇಳಲಿ ಅನಿಸ್ತು. ಅವ್ವಗ ಹೇಳಬ್ಯಾಡಪ್ಪಾ."

ಮೂರು ನಿಮಿಷ ಮುಗಿಯಿತೆಂದು ಎಕ್ಸ್‌ಚೇಂಜಿನವನು ನಡುವೆ ಬಂದ. ಲೈನು ಕಡಿಯಿತು.

ಹೊರಗೆ ಪಡಸಾಲೆಯಲ್ಲಿ ರಂಗವ್ವ ಎದ್ದು ನಿಂತಿದ್ದಳು. ಸುದ್ದಿ ಅವಳಿಗೆ ಮುಟ್ಟಿತ್ತು. ಮುಖದಲ್ಲಿ ಸಂತೋಷ ಇರಲಿಲ್ಲ. ತಪ್ಪು ಮಾಡಿದವಳ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ನಿಮ್ಮ ಮಗಳದಂತ ಗೊತ್ತಿರಲಿಲ್ರಿ ಅಣ್ಣಾರ. ನಿಮ್ಮ ರೊಟ್ಟಿ ತಿಂದೇವಿ ನಾವು. ನಮಗ ಬ್ಯಾಡ. ನಾವು ಒಲ್ಲಿವಿ ಅಂತ ಹೇಳಿ ಊರಿಗೆ ಹೋಗ್ತೇವ್ರಿ."

ಸಾವಂತ್ರವ್ವ ಅವ್ವನನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ನೆಲ ನೋಡುತ್ತ ನಿಂತಿದ್ದಳು. ಅವಳ ಬೆರಳು ಕಂಬಳಿಯ ಅಂಚಿನ ಎಳೆ ಹಿಡಿದು ತಿರುವುತ್ತಿತ್ತು. ಅಮಾತೆಪ್ಪ ಆ ಬೆರಳನ್ನೇ ನೋಡಿದ.

"ಹಂಗ ಮಾಡಿದ್ರ ಎರಡೂ ಮನಿ ಹೋದಂಗಾತು," ಎಂದ. "ಹೋಗವಾ ತಂಗಿ, ಸಹಿ ಮಾಡು. ಮೊದಲ ದಿನದ ಪಾಠ ನಿನಗ ತಪ್ಪೈತಿ. ಎಡಕ್ಕೊಂದು ಬರದ್ರ ಬಲಕ್ಕೊಂದು ಬರೀಬೇಕಂತ. ಅಷ್ಟ ನೆನಪಿಡು."

ಮೂರರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಬೆಳಿಗ್ಗೆ ಹೋಗುವಾಗ, ಬರುತ್ತ ಅಮೀನಗಡದಲ್ಲಿ ಇಳಿದು ಕರದಂಟು ತರಬೇಕೆಂದುಕೊಂಡಿದ್ದ. ಬಸ್ಸು ಅಲ್ಲಿ ನಿಂತಿತು, ಇವನು ಏಳಲಿಲ್ಲ. ಹುನಗುಂದದ ಹತ್ತಿರ ಪಕ್ಕದವನನ್ನು ಹೊತ್ತೆಷ್ಟು ಎಂದು ಕೇಳಿದ. "ಐದಾಗಿ ಐದ ನಿಮಿಷ," ಎಂದ ಅವನು. ಅಮಾತೆಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಎರಡೂ ಕೈಯ ಬೆರಳು ಮಡಚಿಕೊಂಡೇ ಇದ್ದವು. ಬಿಚ್ಚಿದರೆ ಕೇಳಿದ್ದೆಲ್ಲ ಉದುರಿಹೋಗುತ್ತದೇನೋ ಎಂಬಂತೆ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಗುರುಲಿಂಗವ್ವ ಮಗ್ಗದ ಮುಂದೆ ಬಗ್ಗಿ ಕೂತಿದ್ದಳು. ಹಾಸಿನ ಕೊನೆಯ ಒಂದು ಗೇಣು ಉಳಿದಿತ್ತು. ಶಿವಬಸವ್ವ ಗೋಡೆಗೊರಗಿ, ಹೆಜ್ಜೆಯ ಸದ್ದು ಬಂದ ಕಡೆ ಮುಖ ಮಾಡಿದಳು.

"ಏನಾತು? ನಾಳೆ ಹೋಗೂದಲ್ಲ ಕೂಸು?"

ಅಮಾತೆಪ್ಪ ಚೀಲ ಗೂಟಕ್ಕೆ ಹಾಕಿದ. "ಸೀಟು ಹೋತು," ಅಂದ. "ಹೆಸರು ಕರದಾಗ ನನಗ ನಿದ್ದಿ ಹತ್ತಿತ್ತು. ನಸಿಕಿನ್ಯಾಗ ಎದ್ದಿದ್ದೆ, ಮ್ಯಾಲೆ ಫ್ಯಾನ್ ಗಾಳಿ. ಕಣ್ಣ ಬಿಡೂದ್ರಾಗ ಬ್ಯಾರೆಯವರ ಹೆಸರ ಬರಕೊಂಡಿದ್ರು."

ಶಿವಬಸವ್ವ ಕೂಗಾಡಲಿಲ್ಲ. "ಮಲಗಾಕ ಬಾಗಲಕೋಟಿತನಕ ಹೋಗಬೇಕಾಗಿತ್ತು?" ಎಂದು ಕೇಳಿದಳು. ಅಷ್ಟೇ. ಆದರೆ ಆ ಮಾತನ್ನು ಅವಳು ಬಿಡಲಿಲ್ಲ. ಎಂಬತ್ತಾರರಲ್ಲಿ ಕಣ್ಣು ಮುಚ್ಚುವವರೆಗೆ, ಎಂಟು ವರ್ಷ, ನೆಂಟರ ಮುಂದೆ, ಓಣಿಯವರ ಮುಂದೆ, ಊಟಕ್ಕೆ ಕೂತಾಗ, ಆ ಮಾತು ಎತ್ತುತ್ತಿದ್ದಳು. "ಕೂಸಿನ ಬಾಳೇವ ನಿದ್ದಿಗೆ ಮಾರಿ ಬಂದ," ಅನ್ನುತ್ತಿದ್ದಳು. ಅಮಾತೆಪ್ಪ "ಹೌದು" ಎನ್ನುತ್ತಿದ್ದ. ಅವಳು ಹಾಗೆ ಅಂದಾಗಲೆಲ್ಲ ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗಂಡನನ್ನು ಬೈಯುತ್ತ ಅವಳು ಎರಡು ಹೊತ್ತು ಉಂಡಳು. ಅವನಿಗೆ ಅಷ್ಟು ಸಾಕಾಗಿತ್ತು.

ಆ ಸಂಜೆ ಮಾತ್ರ, ಶಿವಬಸವ್ವ ಗೋಡೆ ಹಿಡಿದು ಒಳಗೆ ಹೋದಮೇಲೆ, ಗುರುಲಿಂಗವ್ವ ತಲೆ ಎತ್ತಿ ತಂದೆಯನ್ನು ನೋಡಿದಳು. ಕಣ್ಣು ಕೆಂಪಾಗಿದ್ದವು. ಹಗಲೆಲ್ಲ ಎಳೆ ನೋಡಿದರೆ ಆಗುವುದೇ.

"ಸರ್ ಏನೇನ್ ಹೇಳಿದ್ರಪ್ಪಾ? ನಿದ್ದಿ ಹತ್ತೂಕಿಂತ ಮೊದಲ," ಎಂದಳು.

ಅಮಾತೆಪ್ಪ ಅವಳ ಪಕ್ಕ ಮಗ್ಗದ ಕುಣಿಯ ಅಂಚಿಗೆ ಕೂತ. ಬಲಗೈಯ ಕಿರುಬೆರಳು ಬಿಚ್ಚಿದ. ಅಡ್ಡಗೆರೆ, ಉದ್ದಗೆರೆ ಹೇಳಿದ. ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್ ಎಂದ. ಸೈನ್ಸ್ ಸಿಗದವರ ಮಾತು ಹೇಳಿದಾಗ ಅವಳು ಸ್ವಲ್ಪ ನಕ್ಕಳು. ಕೈ ಮಾತ್ರ ನಿಲ್ಲಲಿಲ್ಲ. ಮೈಯ ಎಳೆ ಹಿಡಿದು, ಸೆರಗಿನ ಎಳೆ ಎಳೆದು, ಕುಣಿಕೆಯೊಳಗೆ ಕುಣಿಕೆ ತೂರಿಸುತ್ತಿದ್ದಳು.

"ವರ್ಷದ ಕೊನಿಗೆ ಎರಡೂ ಬಾಜೂ ಕೂಡಲಿಲ್ಲಂದ್ರ ಏನ್ ಮಾಡೂದು ಅಂತ ಕೇಳಿದ್ರು ಸರ್."

"ಏನಂತ?"

"ಮೊದಲಿಂದ ಬರಬೇಕಂತ."

ಅವಳ ಬೆರಳು ನಿಂತಿತು. ಹಿಡಿದ ಎಳೆ ಹಾಗೇ ಕೈಯಲ್ಲಿತ್ತು. ಒಳಗೆ ಶಿವಬಸವ್ವ ಪಾತ್ರೆ ತಡವರಿಸುವ ಸದ್ದು ಕೇಳುತ್ತಿತ್ತು.

"ಮೊದಲಿಂದ," ಎಂದು ಅವಳು ತನ್ನಷ್ಟಕ್ಕೆ ಅಂದಳು. ಆಮೇಲೆ ಆ ಎಳೆಯನ್ನು ಸೇರಿಸಿ, ಬಿಗಿ ನೋಡಿ, ಮುಂದಿನದನ್ನು ಹಿಡಿದಳು.

"ಎರಡನೇ ವರ್ಷಕ್ಕ ಏನಂತಪ್ಪಾ, ಹೇಳು."

ಅಮಾತೆಪ್ಪ ಮುಂದಿನ ಬೆರಳು ಬಿಚ್ಚಿದ.